ಐವರ ಕುಟುಂಬಕ್ಕೆ ಹಡಗಿನಲ್ಲಿ ಬಾಲ್ಕನಿ ಕ್ಯಾಬಿನ್ ಆರಿಸುವುದು ಹೇಗೆ?

ಪ್ರಶ್ನೆ: ಹೇಮಾವತಿ ತೀರ, ಹಾಸನ

ಎಲ್ಲರಿಗೂ ನಮಸ್ಕಾರ. ಬರುವ ದಸರಾ ರಜೆಯಲ್ಲಿ ಸಿಂಗಪುರದಿಂದ ಹೊರಟು, ಪಿನಾಂಗ್ ಮತ್ತು ಫುಕೆಟ್ ನೋಡಿಕೊಂಡು, ಮತ್ತೆ ಸಿಂಗಪುರಕ್ಕೇ ಮರಳುವ 4 ರಾತ್ರಿಗಳ ಹಡಗು ಪ್ರವಾಸಕ್ಕೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಸಕಲೇಶಪುರದ ಕಡೆ ನಮಗೆ ಸ್ವಲ್ಪ ಕಾಫಿ ತೋಟವಿದ್ದು, ನವೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಎಂದು ಬೇಸಿಗೆಯ ತನಕ ಕದಲಲು ಆಗುವುದಿಲ್ಲವಾದ್ದರಿಂದ, ಕ್ರಿಸ್‌ಮಸ್ ರಜೆಯನ್ನು ನಾವು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ.

ಹೊರಡುವವರು ಐವರು: ನಾನು, ನನ್ನ ಪತ್ನಿ, 10 ವರ್ಷದ ಮಗಳು, 4 ವರ್ಷದ ಮಗ, ಮತ್ತು ಮಂಡಿನೋವಿನಿಂದ ಮೆಟ್ಟಿಲು ಹತ್ತಲು ಕಷ್ಟಪಡುವ ನನ್ನ ತಾಯಿ. ನಮ್ಮ ಟ್ರಾವೆಲ್ ಏಜೆಂಟರು ನಾವು ನಾಲ್ವರಿಗೆ ಒಂದು ‘ಫ್ಯಾಮಿಲಿ ಬಾಲ್ಕನಿ’ ಕ್ಯಾಬಿನ್, ತಾಯಿಯವರಿಗೆ ಎರಡು ಡೆಕ್ (ಹಡಗಿನ ಮಹಡಿ) ಕೆಳಗೆ ಕಿಟಕಿಯಿಲ್ಲದ ಒಂದು ಒಳ ಕ್ಯಾಬಿನ್ ಎಂದು ಪಟ್ಟಿ ಮಾಡಿ ಕಳಿಸಿದ್ದಾರೆ. ಪಣಂಬೂರಿನ ದಡದಲ್ಲಿ ನಿಂತು ಮಾತ್ರ ಸಮುದ್ರ ನೋಡಿರುವ ತಾಯಿಯನ್ನು ಅಷ್ಟು ದೂರ ಕರೆದುಕೊಂಡು ಹೋಗಿ ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬರನ್ನೇ ಮಲಗಿಸಲು ನನಗೆ ಮನಸ್ಸು ಒಪ್ಪುತ್ತಿಲ್ಲ. ಬೇರೆ ಯಾವ ರೀತಿ ಹೊಂದಿಸಬಹುದು, ಹಡಗಿನ ಯಾವ ಭಾಗದಲ್ಲಿ ಕ್ಯಾಬಿನ್ ಕೇಳಬೇಕು, ಚಿಕ್ಕ ಮಗು ಇರುವಾಗ ಬಾಲ್ಕನಿ ಸುರಕ್ಷಿತವೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಗಿರಿಶ್ರೇಣಿ, ಚಿಕ್ಕಮಗಳೂರು

ನಿಮ್ಮ ಮನಸ್ಸು ಒಪ್ಪದಿರುವುದು ಸರಿಯಾಗಿಯೇ ಇದೆ. ಏಜೆಂಟರು ಕೊಟ್ಟಿರುವ ಪಟ್ಟಿ ನಿಮ್ಮ ಕುಟುಂಬವನ್ನು ನೋಡಿ ಮಾಡಿದ್ದಲ್ಲ, ಕಂಪ್ಯೂಟರಿನಲ್ಲಿ ನಾಲ್ಕು ಮತ್ತು ಒಂದು ಎಂದು ತುಂಬಿಸಿದಾಗ ಬಂದದ್ದು ಎಂದು ನನಗನ್ನಿಸುತ್ತದೆ.

ಹಡಗಿನ ಬಹುಪಾಲು ಬಾಲ್ಕನಿ ಕ್ಯಾಬಿನ್‌ಗಳಲ್ಲಿ ಹೆಚ್ಚೆಂದರೆ ನಾಲ್ವರು ಇರಬಹುದು. ಐದನೆಯವರಿಗೆ ಒಂದು ಹಾಸಿಗೆ ಹಾಕಿಕೊಡಿ ಎಂದು ಹೋಟೆಲಿನಲ್ಲಿ ಕೇಳಿದಂತೆ ಇಲ್ಲಿ ಕೇಳಲು ಬರುವುದಿಲ್ಲ. ಪ್ರತಿಯೊಬ್ಬ ಪ್ರಯಾಣಿಕನಿಗೂ ಲೈಫ್‌ಬೋಟ್‌ನಲ್ಲಿ ಜಾಗ ಮತ್ತು ತುರ್ತು ಸಂದರ್ಭದಲ್ಲಿ ಸೇರಬೇಕಾದ ನಿರ್ದಿಷ್ಟ ಸ್ಥಳ ಮೊದಲೇ ನಿಗದಿಯಾಗಿರುವುದರಿಂದ ಕ್ಯಾಬಿನ್‌ನಲ್ಲಿ ಇರಬಹುದಾದವರ ಸಂಖ್ಯೆ ಕಟ್ಟುನಿಟ್ಟಾಗಿರುತ್ತದೆ, ತೊಟ್ಟಿಲ ಕೂಸನ್ನು ಕೂಡ ಒಬ್ಬರೆಂದೇ ಎಣಿಸುತ್ತಾರೆ. ಐವರು ಒಂದೇ ಕಡೆ ಇರಬಹುದಾದ ಬಾಲ್ಕನಿ ಕ್ಯಾಬಿನ್‌ಗಳು ಇಲ್ಲವೆಂದಲ್ಲ. ಡಿಸ್ನಿಯ ಹಲವು ಹಡಗುಗಳಲ್ಲಿ ಸುಮಾರು 300 ಚದರ ಅಡಿಯ, ಸ್ನಾನಕ್ಕೆ ಮತ್ತು ಶೌಚಕ್ಕೆ ಬೇರೆ ಬೇರೆ ಬಾಗಿಲಿರುವ ಅಂಥ ಕೋಣೆಗಳಿವೆ. ಆದರೆ ಅವುಗಳ ಸಂಖ್ಯೆ ಕಡಿಮೆ, ದರ ಹೆಚ್ಚು.

ನಿಮಗೆ ಸೂಚಿಸಿರುವ ‘ಫ್ಯಾಮಿಲಿ ಬಾಲ್ಕನಿ’ಯ ಅಳತೆ ಎಷ್ಟೆಂದು ಮೊದಲು ಕೇಳಿ. ಸಾಮಾನ್ಯ ಬಾಲ್ಕನಿ ಕ್ಯಾಬಿನ್ ಹೆಚ್ಚುಕಡಿಮೆ 170ರಿಂದ 200 ಚದರ ಅಡಿ ಇರುತ್ತದೆ, ಬಾಲ್ಕನಿ 50 ಚದರ ಅಡಿಯ ಆಸುಪಾಸು. ಎಷ್ಟೋ ಕಡೆ ಇದೇ ಕೋಣೆಗೆ ಒಂದು ಸೋಫಾ ಬೆಡ್ ಮತ್ತು ಚಾವಣಿಯಿಂದ ಕೆಳಗಿಳಿಯುವ ಒಂದು ಮಂಚ ಸೇರಿಸಿ ನಾಲ್ವರ ಕ್ಯಾಬಿನ್ ಎಂದು ಕೊಡುತ್ತಾರೆ. ಹಗಲಿನಲ್ಲಿ ಅದರಿಂದ ತೊಂದರೆಯೇನೂ ಇಲ್ಲ. ರಾತ್ರಿ ಸೋಫಾ ಬಿಡಿಸಿ, ಮೇಲಿನ ಮಂಚ ಇಳಿಸಿ, ಅದಕ್ಕೆ ಏಣಿ ನಿಲ್ಲಿಸಿದ ಮೇಲೆ, ಸೋಫಾ ಬಾಲ್ಕನಿಯ ಪಕ್ಕಕ್ಕಿದ್ದರೆ ಬಾಲ್ಕನಿ ಬಾಗಿಲಿಗೆ ಹೋಗಲು ದಾರಿಯೇ ಉಳಿಯುವುದಿಲ್ಲ. ಮಕ್ಕಳು ಒಂಬತ್ತಕ್ಕೆ ಮಲಗಿದರೆಂದರೆ ನೀವು ಹಣ ಕೊಟ್ಟು ಪಡೆದ ಬಾಲ್ಕನಿ ಮುಚ್ಚಿದಂತೆಯೇ. ಒಂದೇ ಹಡಗಿನ ಒಂದೇ ದರದ ಕ್ಯಾಬಿನ್‌ಗಳಲ್ಲಿಯೂ ಕೆಲವದರಲ್ಲಿ ದೊಡ್ಡ ಮಂಚ ಬಾಲ್ಕನಿಯ ಕಡೆ, ಕೆಲವದರಲ್ಲಿ ಸೋಫಾ ಬಾಲ್ಕನಿಯ ಕಡೆ ಇರುತ್ತದೆ. ಯಾವ ನಂಬರಿನ ಕ್ಯಾಬಿನ್‌ನಲ್ಲಿ ಯಾವುದು ಎಲ್ಲಿದೆ ಎಂದು ಕಂಪನಿಯಿಂದ ಕೇಳಿ ತಿಳಿದುಕೊಳ್ಳಬಹುದು.

ನನ್ನ ಸಲಹೆ ಇದು: ನಡುವೆ ಒಳಬಾಗಿಲಿರುವ ಎರಡು ಕನೆಕ್ಟಿಂಗ್ ಬಾಲ್ಕನಿ ಕ್ಯಾಬಿನ್‌ಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ನಿಮ್ಮ ತಾಯಿ ಮತ್ತು ಮಗಳು, ಇನ್ನೊಂದರಲ್ಲಿ ನೀವಿಬ್ಬರು ಮತ್ತು ಮಗ. ಎರಡು ಸ್ನಾನಗೃಹ, ಎರಡು ಬೀರು, ನಡುವೆ ತೆರೆದಿಟ್ಟುಕೊಳ್ಳಬಹುದಾದ ಬಾಗಿಲು. ಖರ್ಚು ದುಪ್ಪಟ್ಟಾಗುತ್ತದೆ ಎಂದು ಗಾಬರಿಯಾಗಬೇಡಿ. ಹಡಗಿನ ದರ ಕೋಣೆಗಲ್ಲ, ತಲೆಗೆ; ಅದರಲ್ಲಿಯೂ ಕ್ಯಾಬಿನ್‌ನ ಮೊದಲ ಇಬ್ಬರು ಪೂರ್ತಿ ದರ ಕೊಡುತ್ತಾರೆ, ಮೂರನೆಯವರಿಗೂ ನಾಲ್ಕನೆಯವರಿಗೂ ಸಾಮಾನ್ಯವಾಗಿ ದರ ಇಳಿಯುತ್ತದೆ. ಆದರೆ ಒಬ್ಬರೇ ಒಂದು ಕ್ಯಾಬಿನ್ ಹಿಡಿದರೆ ಹೆಚ್ಚಿನ ಕಡೆ ಇಬ್ಬರ ದರವನ್ನೋ, ಅದರ ಹತ್ತಿರದ ಮೊತ್ತವನ್ನೋ ತೆರಬೇಕು. ಏಜೆಂಟರ ಪಟ್ಟಿಯಂತೆ ತಾಯಿಯವರು ಒಬ್ಬರೇ ಇದ್ದರೆ ಖಾಲಿ ಮಂಚಕ್ಕೂ ನೀವು ಹಣ ಕೊಟ್ಟಂತಾಗುತ್ತದೆ. ಅದೇ ಜಾಗಕ್ಕೆ ಮಗಳು ಹೋದರೆ ಕೊಟ್ಟ ಹಣಕ್ಕೆ ಒಬ್ಬರು ಇರುತ್ತಾರೆ, ಅಜ್ಜಿಗೆ ರಾತ್ರಿ ಜೊತೆಯೂ ಆಗುತ್ತದೆ. ಎರಡು ಲೆಕ್ಕಗಳನ್ನೂ ತೆರಿಗೆ, ಬಂದರು ಶುಲ್ಕ ಮತ್ತು ದಿನದ ಸೇವಾ ಶುಲ್ಕ ಸೇರಿಸಿ ಪಕ್ಕಪಕ್ಕ ಬರೆಸಿಕೊಂಡರೆ ವ್ಯತ್ಯಾಸ ಎಷ್ಟೆಂದು ನಿಮಗೇ ಸ್ಪಷ್ಟವಾಗುತ್ತದೆ.

ಪಕ್ಕಪಕ್ಕದ ಕ್ಯಾಬಿನ್‌ಗಳೆಲ್ಲ ಕನೆಕ್ಟಿಂಗ್ ಅಲ್ಲ. ಒಳಬಾಗಿಲಿರುವ ಜೋಡಿಗಳಿಗೆ ಡೆಕ್ ಪ್ಲಾನಿನಲ್ಲಿ ಪ್ರತ್ಯೇಕ ಗುರುತಿರುತ್ತದೆ. ಅಂಥ ಜೋಡಿಗಳು ಹಡಗಿನಲ್ಲಿ ಕೆಲವೇ ಇರುವುದರಿಂದ ಶಾಲಾ ರಜೆಯ ದಿನಗಳಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತವೆ.

ಉತ್ತರ: ಯಗಚಿ ನೀರು, ಬೇಲೂರು

ಗಿರಿಶ್ರೇಣಿಯವರ ಮಾತಿಗೆ ನನ್ನ ಸಹಮತವಿದೆ. ಆದರೆ ಎರಡಕ್ಕೂ ಬಾಲ್ಕನಿ ಬೇಕೇ ಬೇಕೆಂದೇನೂ ಇಲ್ಲ. ಒಂದು ಬಾಲ್ಕನಿ ಕ್ಯಾಬಿನ್, ಓಣಿಯಂಥ ಕಾರಿಡಾರಿನಲ್ಲಿ ಅದರ ಎದುರಿಗೇ ಇರುವ ಒಂದು ಒಳ ಕ್ಯಾಬಿನ್ ತೆಗೆದುಕೊಂಡರೂ ಕುಟುಂಬ ಒಟ್ಟಿಗೆ ಇದ್ದಂತೆಯೇ. ಆಗ ತಾಯಿ ಮತ್ತು ಮಗಳಿಗೆ ಬಾಲ್ಕನಿಯ ಕೋಣೆ ಕೊಟ್ಟು, ನೀವು ಮೂವರು ಎದುರಿನ ಕೋಣೆಯಲ್ಲಿ ಮಲಗಬಹುದು. ಹಗಲಿನಲ್ಲಿ ಎಲ್ಲರೂ ಬಾಲ್ಕನಿಯಲ್ಲಿಯೇ ಇರುತ್ತೀರಿ. ಒಳ ಕ್ಯಾಬಿನ್‌ನಲ್ಲಿ ದೀಪ ಆರಿಸಿದರೆ ಹಗಲು ರಾತ್ರಿಯ ವ್ಯತ್ಯಾಸವೇ ತಿಳಿಯದಷ್ಟು ಕತ್ತಲಾಗುವುದರಿಂದ ಚಿಕ್ಕ ಮಕ್ಕಳು ಮಧ್ಯಾಹ್ನವೂ ಚೆನ್ನಾಗಿ ನಿದ್ದೆ ಮಾಡುತ್ತಾರೆ. ಆಂಥಮ್ ಆಫ್ ದಿ ಸೀಸ್, ಸ್ಪೆಕ್ಟ್ರಮ್ ಆಫ್ ದಿ ಸೀಸ್‌ನಂಥ ಹಡಗುಗಳ ಒಳ ಕ್ಯಾಬಿನ್‌ಗಳಲ್ಲಿ ‘ವರ್ಚುವಲ್ ಬಾಲ್ಕನಿ’ ಎಂಬ ಎತ್ತರದ ಪರದೆ ಇದ್ದು, ಹೊರಗಿನ ಸಮುದ್ರವನ್ನು ಕ್ಯಾಮೆರಾದ ಮೂಲಕ ಅದೇ ಕ್ಷಣದಲ್ಲಿ ತೋರಿಸುತ್ತದೆ. ಅದು ಪರದೆಯೇ ಹೊರತು ಬಾಲ್ಕನಿಯಲ್ಲ ಎಂಬುದು ಬುಕಿಂಗ್ ಮಾಡುವಾಗ ಗಮನದಲ್ಲಿರಲಿ.

ಇನ್ನು ಹಡಗಿನ ಯಾವ ಭಾಗ ಎಂಬ ಪ್ರಶ್ನೆಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಕೋಣೆಯ ಅಳತೆಗಿಂತ ಇದು ಮುಖ್ಯ. ಅಲೆಗಳಿಗೆ ಹಡಗು ಮುಂದೆ ಹಿಂದೆ ಏಳುತ್ತ ಬೀಳುತ್ತ ಹೋಗುವಾಗ ಹೆಚ್ಚು ಎತ್ತರಕ್ಕೆ ಏಳುವುದು ಮೂತಿ ಮತ್ತು ಹಿಂಭಾಗ. ಪಕ್ಕಕ್ಕೆ ವಾಲಿದಾಗ ಹೆಚ್ಚು ತೂಗುವುದು ಮೇಲಿನ ಡೆಕ್‌ಗಳು. ಆದ್ದರಿಂದ ಉದ್ದದಲ್ಲಿ ನಡುಭಾಗ, ಎತ್ತರದಲ್ಲಿ ಆದಷ್ಟು ಕೆಳಗಿನ ಬಾಲ್ಕನಿ ಡೆಕ್ ಆರಿಸಿದರೆ ಅಲುಗಾಟ ಅತಿ ಕಡಿಮೆ. ಮಲಕ್ಕಾ ಜಲಸಂಧಿ ಎರಡೂ ಕಡೆ ಭೂಮಿಯ ಆಸರೆಯಿರುವ ನೀರಾದ್ದರಿಂದ ಸಾಮಾನ್ಯವಾಗಿ ಶಾಂತವಾಗಿಯೇ ಇರುತ್ತದೆ, ದೊಡ್ಡ ಹಡಗುಗಳಿಗೆ ಅಲುಗಾಟ ತಗ್ಗಿಸುವ ರೆಕ್ಕೆಗಳೂ ನೀರಿನೊಳಗೆ ಇರುತ್ತವೆ. ಹಾಗಿದ್ದರೂ ಶಿರಾಡಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಮಕ್ಕಳಲ್ಲಿ ಯಾರಿಗಾದರೂ ಹೊಟ್ಟೆ ತೊಳಸುವ ಅಭ್ಯಾಸವಿದ್ದರೆ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಿವಿಯೊಳಗಿನ ಸಮತೋಲನದ ಅಂಗ ಚಲನೆಯನ್ನು ತಿಳಿಸುತ್ತಿರುವಾಗ ಕಣ್ಣಿಗೆ ಅಲ್ಲಾಡದ ಗೋಡೆ ಮಾತ್ರ ಕಂಡರೆ ಆ ಸಂಕಟ ಶುರುವಾಗುತ್ತದೆ. ಬಾಲ್ಕನಿಗೆ ಬಂದು ದೂರದ ದಿಗಂತವನ್ನು ನೋಡುತ್ತ ಕುಳಿತರೆ ಎಷ್ಟೋ ಮಂದಿಗೆ ಅದರಿಂದಲೇ ಸಮಾಧಾನವಾಗುತ್ತದೆ. ಬಾಲ್ಕನಿಗೆ ಹಣ ಕೊಡಲು ನನಗೆ ಇದೂ ಒಂದು ಬಲವಾದ ಕಾರಣ.

ಸದ್ದಿನ ವಿಷಯದಲ್ಲಿ ನಿಯಮ ಒಂದೇ: ನಿಮ್ಮ ಮೇಲಿನ ಡೆಕ್ಕಿನಲ್ಲಿಯೂ ಕೆಳಗಿನ ಡೆಕ್ಕಿನಲ್ಲಿಯೂ ಕ್ಯಾಬಿನ್‌ಗಳೇ ಇರಬೇಕು. ಈಜುಕೊಳದ ಡೆಕ್‌ಗೆ ನೇರ ಕೆಳಗಿದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು ಮಾಳಿಗೆಯಿಂದ ಇಳಿಯುತ್ತದೆ. ನಾಟಕಶಾಲೆಯ ಅಥವಾ ಸಂಗೀತದ ಬಾರಿನ ಮೇಲ್ಗಡೆ ನಿಮ್ಮ ಕೋಣೆಯಿದ್ದರೆ ನಡುರಾತ್ರಿಯವರೆಗೆ ನೆಲ ಗುಂಯ್‌ಗುಡುತ್ತದೆ. ಕೆಳಗಿನ ಡೆಕ್‌ಗಳ ಮುಂಭಾಗದಲ್ಲಿ ಲಂಗರು ಸರಪಳಿಯ ಸದ್ದೂ, ಬಂದರಿಗೆ ಸೇರುವಾಗ ಹಡಗನ್ನು ಪಕ್ಕಕ್ಕೆ ತಳ್ಳುವ ಯಂತ್ರಗಳ ನಡುಕವೂ ಬರುತ್ತದೆ. ಡೆಕ್ ಪ್ಲಾನ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡುವ ಕೆಲಸಕ್ಕೆ ಒಂದು ಸಂಜೆ ಮೀಸಲಿಟ್ಟರೆ ಇದೆಲ್ಲ ಗೊತ್ತಾಗುತ್ತದೆ.

ದರ ವಿಶೇಷವಾಗಿ ಕಡಿಮೆ ಎನಿಸುವ ಬಾಲ್ಕನಿಗಳಿಗೆ ಕಾರಣವಿರುತ್ತದೆ. ಕೆಲವದರ ಮುಂದೆ ಲೈಫ್‌ಬೋಟ್ ತೂಗುತ್ತಿರುತ್ತದೆ; ಕೆಲವದಕ್ಕೆ ಗಾಜಿನ ಬದಲು ಉಕ್ಕಿನ ಮುಂಗೋಡೆ ಇದ್ದು, ಕುಳಿತಾಗ ನೀರು ಕಾಣುವುದಿಲ್ಲ; ಓಯಸಿಸ್ ವರ್ಗದ ದೊಡ್ಡ ಹಡಗುಗಳಲ್ಲಿ ಸಮುದ್ರದ ಬದಲು ಹಡಗಿನೊಳಗಿನ ಉದ್ಯಾನಕ್ಕೆ ಮುಖಮಾಡಿದ ಬಾಲ್ಕನಿಗಳೂ ಇವೆ. ಎಡವೋ ಬಲವೋ ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ವಾಯುವ್ಯಕ್ಕೆ ಸಾಗುವಾಗ ಬಲಕ್ಕೆ ಮಲೇಷ್ಯಾದ ಕಡೆ, ಎಡಕ್ಕೆ ಸುಮಾತ್ರಾದ ಕಡೆ ಮತ್ತು ಸೂರ್ಯಾಸ್ತ. ಮರಳುವಾಗ ಅದೇ ತಿರುಗುಮುರುಗು.

ಉತ್ತರ: ದೇವೀರಮ್ಮನ ಬೆಟ್ಟ, ಚಿಕ್ಕಮಗಳೂರು

ವಯಸ್ಸಾದವರನ್ನು ಕರೆದುಕೊಂಡು ಹೋದವಳಾಗಿ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ಮೇಲಿನ ಉತ್ತರಗಳಲ್ಲಿ ತಾಯಿಯವರ ಮಂಡಿಯ ವಿಷಯ ಬಂದಿಲ್ಲ.

ಹಡಗಿನ ಸ್ನಾನಗೃಹಕ್ಕೆ, ಬಾಲ್ಕನಿಗೆ ಹೊಸ್ತಿಲು ಇರುತ್ತದೆ. ನೀರು ಒಳಗೆ ಬರಬಾರದೆಂದು ಎತ್ತರಿಸಿದ ಲೋಹದ ಪಟ್ಟಿ ಅದು. ನಮ್ಮ ತೊಟ್ಟಿಮನೆಗಳ ಹೊಸ್ತಿಲನ್ನು ಕಣ್ಣುಮುಚ್ಚಿ ದಾಟುವ ಅಜ್ಜಿಯರು ಕೂಡ, ಅಲ್ಲಾಡುವ ನೆಲದ ಮೇಲೆ, ರಾತ್ರಿಯ ಮಬ್ಬು ಬೆಳಕಿನಲ್ಲಿ, ಅರೆನಿದ್ದೆಯಲ್ಲಿ ಅದನ್ನು ಎಡವುತ್ತಾರೆ. ಬಾಲ್ಕನಿಯ ಬಾಗಿಲೂ ಭಾರವಾದದ್ದು, ಗಾಳಿಗೆ ಎದುರಾಗಿ ತೆಗೆಯಲು ತೋಳಿನಲ್ಲಿ ಶಕ್ತಿ ಬೇಕು. ಸಾಮಾನ್ಯ ಕ್ಯಾಬಿನ್‌ನ ಸ್ನಾನಗೃಹ ಎಷ್ಟು ಕಿರಿದೆಂದರೆ ಇನ್ನೊಬ್ಬರು ಒಳಗೆ ನಿಂತು ಕೈ ಹಿಡಿಯಲು ಜಾಗ ಇರುವುದಿಲ್ಲ. ತಾಯಿಯವರು ಊರುಗೋಲು, ವಾಕರ್ ಅಥವಾ ಗಾಲಿಕುರ್ಚಿ ಬಳಸುವವರಾಗಿದ್ದರೆ ವಿಶೇಷ ಅಗತ್ಯವುಳ್ಳವರ ಕ್ಯಾಬಿನ್ ಬಗ್ಗೆ ಈಗಲೇ ವಿಚಾರಿಸಿ. ಅವುಗಳಲ್ಲಿ ಬಾಗಿಲು ಅಗಲ, ಹೊಸ್ತಿಲಿನ ಬದಲು ಇಳಿಜಾರು, ಸ್ನಾನದ ಜಾಗದಲ್ಲಿ ಹಿಡಿಕೆ ಮತ್ತು ಕೂರುವ ಪೀಠ ಇರುತ್ತವೆ. ನಿಜವಾದ ಅಗತ್ಯ ಇರುವವರಿಗೆ ಮಾತ್ರ ಮೀಸಲಾದ ಕೋಣೆಗಳಾದ್ದರಿಂದ ನಮೂನೆ ತುಂಬಿಸಿ ಕೇಳುತ್ತಾರೆ. ಅಷ್ಟು ತೊಂದರೆ ಇಲ್ಲದಿದ್ದರೆ ಲಿಫ್ಟಿನ ಹತ್ತಿರದ ಕ್ಯಾಬಿನ್ ಸಾಕು. ಲಿಫ್ಟಿಗೆ ಅಂಟಿಕೊಂಡದ್ದು ಬೇಡ, ನಾಲ್ಕಾರು ಬಾಗಿಲು ಈಚೆಗಿರಲಿ. ದೊಡ್ಡ ಹಡಗುಗಳು 300 ಮೀಟರಿಗಿಂತ ಉದ್ದ ಇರುತ್ತವೆ. ಊಟಕ್ಕೆ ಹೋಗಿ ಬರುವಷ್ಟರಲ್ಲಿಯೇ ಮಂಡಿ ಸೋತುಹೋದರೆ ಬಂದರಿನಲ್ಲಿ ಇಳಿಯುವ ಉತ್ಸಾಹ ಎಲ್ಲಿಂದ ಬರಬೇಕು?

ತಾಯಿಯವರಿಗೆ ಬಾಲ್ಕನಿ ಕೊಡುವುದು ಖಂಡಿತ ಸಾರ್ಥಕ. ಮಕ್ಕಳು ಈಜುಕೊಳ, ಆಟದ ಕೋಣೆ ಎಂದು ಓಡುತ್ತಿರುತ್ತಾರೆ, ಅವರಿಗೆ ಬಾಲ್ಕನಿ ಒಂದು ಗಳಿಗೆಯ ಆಕರ್ಷಣೆ. ನಡೆಯಲಾಗದ ಹಿರಿಯರಿಗೆ ಮಾತ್ರ ಇಡೀ ಪ್ರವಾಸ ಅಲ್ಲೇ ನಡೆಯುತ್ತದೆ. ನನ್ನ ಅತ್ತೆ ಬೆಳಗ್ಗೆ ಶಾಲು ಹೊದ್ದು ಅಲ್ಲಿ ಕುಳಿತರೆಂದರೆ ತಿಂಡಿಯನ್ನೂ ಅಲ್ಲಿಗೇ ತರಿಸಿಕೊಳ್ಳುತ್ತಿದ್ದರು. ಮೀನುಗಾರರ ದೋಣಿ ಹೋಯಿತು, ಆ ಕಡೆ ಮಳೆ ಸುರಿಯುತ್ತಿದೆ ಎಂದು ನಾವು ಬಂದಾಗಲೆಲ್ಲ ಒಂದೊಂದು ಸುದ್ದಿ ಹೇಳುತ್ತಿದ್ದರು. ಅಕ್ಟೋಬರ್‌ನಲ್ಲಿ ಆ ಕಡೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ, ಬಾಲ್ಕನಿಯ ನೆಲ ಒದ್ದೆಯಾಗುತ್ತದೆ. ಜಾರದ ಚಪ್ಪಲಿ ಜೊತೆಗಿರಲಿ. ಫಿಲ್ಟರ್ ಮತ್ತು ಕಾಫಿಪುಡಿ ಒಯ್ಯುವ ಯೋಚನೆ ಇದ್ದರೆ ನೀರು ಕಾಯಿಸುವ ಕೆಟಲ್ ಮನೆಯಲ್ಲಿಯೇ ಬಿಡಿ, ಬೆಂಕಿಯ ಭಯದಿಂದ ಅದನ್ನು ಹತ್ತುವಾಗಲೇ ತೆಗೆದಿಡುತ್ತಾರೆ. ಬಿಸಿನೀರನ್ನು ಕೇಳಿದರೆ ತಂದುಕೊಡುತ್ತಾರೆ.

ಉತ್ತರ: ಶೆಟ್ಟಿಹಳ್ಳಿ ದಾರಿ, ಹಾಸನ

4 ವರ್ಷದ ಮಗುವಿನ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ.

ಬಾಲ್ಕನಿಯ ಕಂಬಿ ದೊಡ್ಡವರ ಎದೆಯ ಹತ್ತಿರದವರೆಗೆ ಬರುತ್ತದೆ. ಅಮೆರಿಕದ ಬಂದರುಗಳಲ್ಲಿ ಪ್ರಯಾಣಿಕರನ್ನು ಹತ್ತಿಸುವ ಹಡಗುಗಳಿಗೆ ಅಲ್ಲಿನ 2010ರ ಕಾನೂನು 42 ಇಂಚು ಎತ್ತರವನ್ನು ಕಡ್ಡಾಯ ಮಾಡಿದೆ. ನೆಲದ ಮೇಲೆ ನಿಂತ ಮಗು ಅದನ್ನು ದಾಟಲಾರದು. ಅಪಾಯವಿರುವುದು ಕಂಬಿಯಲ್ಲಲ್ಲ, ಅದರ ಪಕ್ಕಕ್ಕೆ ಎಳೆದಿಟ್ಟ ಕುರ್ಚಿಯಲ್ಲಿ. ಕ್ಯಾಬಿನ್‌ಗೆ ಕಾಲಿಟ್ಟ ತಕ್ಷಣ ಕುರ್ಚಿ ಮತ್ತು ಮೇಜನ್ನು ಗೋಡೆಗೆ ತಾಗಿಸಿ ಇಡಿ, ಅಥವಾ ಕ್ಯಾಬಿನ್ ನೋಡಿಕೊಳ್ಳುವವರಿಗೆ ಹೇಳಿ ಒಂದನ್ನು ತೆಗೆಸಿಬಿಡಿ. ಬಾಗಿಲಿಗೆ ಮಗುವಿನ ಕೈಗೆ ನಿಲುಕದ ಎತ್ತರದಲ್ಲಿ ಚಿಲಕವಿದೆಯೇ ಎಂದು ಬುಕಿಂಗ್‌ಗೆ ಮೊದಲೇ ವಿಚಾರಿಸಿ. ಬಹಳಷ್ಟು ಹಡಗುಗಳಲ್ಲಿ ಇರುತ್ತದೆ. ದೊಡ್ಡವರು ಹೊರಗಿಲ್ಲದಾಗ ಮಗು ಅಲ್ಲಿರಬಾರದು ಎಂಬ ನಿಯಮಕ್ಕೆ ನಿದ್ದೆಯ ಹೊತ್ತೂ ಸೇರಿದೆ, ಆದ್ದರಿಂದ ಮಲಗುವ ಮೊದಲು ಚಿಲಕ ಹಾಕಿದ್ದನ್ನು ಒಬ್ಬರು ನೋಡಲೇಬೇಕು. ಕನೆಕ್ಟಿಂಗ್ ಕ್ಯಾಬಿನ್ ತೆಗೆದುಕೊಂಡರೆ ನೋಡಬೇಕಾದ ಚಿಲಕ ಎರಡು.

ಇನ್ನೊಂದು ವಿಷಯವನ್ನು ಹೊಸಬರು ಊಹಿಸುವುದಿಲ್ಲ. ಬಾಲ್ಕನಿ ಬಾಗಿಲು ತೆರೆದಿರುವಾಗ ಕಾರಿಡಾರಿನ ಬಾಗಿಲನ್ನೂ ತೆರೆದರೆ ಗಾಳಿ ಕೋಣೆಯ ಮೂಲಕ ಸುರಂಗದಲ್ಲಿ ನುಗ್ಗಿದಂತೆ ನುಗ್ಗಿ, ಭಾರವಾದ ಬಾಗಿಲು ಧಡಾರನೆ ಬಡಿದುಕೊಳ್ಳುತ್ತದೆ. ಆ ಸಂದಿಯಲ್ಲಿ ಮಗುವಿನ ಬೆರಳಿದ್ದರೆ ಏನಾಗಬಹುದೆಂದು ಹೇಳಬೇಕಾಗಿಲ್ಲ. ಒಂದು ತೆರೆಯುವ ಮುನ್ನ ಇನ್ನೊಂದು ಮುಚ್ಚಿದೆಯೇ ಎಂದು ಕೂಗಿ ಕೇಳುವುದನ್ನು ಮಗಳಿಗೂ ಅಜ್ಜಿಗೂ ಮೊದಲ ದಿನವೇ ರೂಢಿ ಮಾಡಿಸಿ.

ಬಾಲ್ಕನಿಯಲ್ಲಿ ಧೂಮಪಾನಕ್ಕೆ ಅವಕಾಶವಿರುವ ಕಂಪನಿಯೇ ಎಂಬುದನ್ನೂ ನೋಡಿ. 2006ರ ಮಾರ್ಚ್‌ನಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಯೊಂದರಲ್ಲಿ ಹೊತ್ತಿಕೊಂಡ ಬೆಂಕಿ, ಪ್ಲಾಸ್ಟಿಕ್ಕಿನ ಅಡ್ಡಗೋಡೆ ಮತ್ತು ಪೀಠೋಪಕರಣಗಳ ಮೂಲಕ ಅಕ್ಕಪಕ್ಕಕ್ಕೂ ಮೇಲಿನ ಡೆಕ್‌ಗಳಿಗೂ ಹಬ್ಬಿ ಒಬ್ಬ ಪ್ರಯಾಣಿಕರು ಹೊಗೆಯಿಂದ ಮೃತಪಟ್ಟರು. ಆರಿಸದೆ ಎಸೆದ ಸಿಗರೇಟೇ ಅದಕ್ಕೆ ಕಾರಣವಿರಬೇಕೆಂದು ತನಿಖೆಯಲ್ಲಿ ಕಂಡುಬಂತು. ಆ ಬಳಿಕ ಅಂತರರಾಷ್ಟ್ರೀಯ ನಿಯಮಗಳನ್ನೇ ತಿದ್ದಿ ಬಾಲ್ಕನಿಗಳ ಅಗ್ನಿಸುರಕ್ಷತೆಯನ್ನು ಬಿಗಿಗೊಳಿಸಲಾಯಿತು. ಈಗ ಹೆಚ್ಚಿನ ಕಂಪನಿಗಳು ಕ್ಯಾಬಿನ್‌ಗಳ ಬಾಲ್ಕನಿಯಲ್ಲಿ ಸಿಗರೇಟನ್ನು ನಿಷೇಧಿಸಿವೆ. ಒದ್ದೆ ಬಟ್ಟೆಯನ್ನು ಕಂಬಿಯ ಮೇಲೆ ಒಣಹಾಕಬಾರದೆಂಬ ನಿಯಮವೂ ಇದೆ, ಗಾಳಿಗೆ ಹಾರಿ ಬೇರೆ ಬಾಲ್ಕನಿಗೆ ಬೀಳುತ್ತದೆ.

ಹಡಗು ಹೊರಡುವ ಹೊತ್ತಿಗೆ ನಡೆಯುವ ಸುರಕ್ಷತಾ ತಾಲೀಮಿಗೆ ಎಲ್ಲರೂ ಹೋಗಿ, ಮಗನ ಅಳತೆಯ ಲೈಫ್ ಜಾಕೆಟ್ ಕ್ಯಾಬಿನ್‌ನಲ್ಲಿ ಇಲ್ಲದಿದ್ದರೆ ಅಂದೇ ಕೇಳಿ ತರಿಸಿಕೊಳ್ಳಿ.

ಮರುಪ್ರಶ್ನೆ: ಹೇಮಾವತಿ ತೀರ, ಹಾಸನ

ಇಷ್ಟು ವಿವರವಾಗಿ ಬರೆದ ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಮನೆಯವರೆಲ್ಲ ಕುಳಿತು ಓದಿದೆವು. ತಾಯಿ ಮತ್ತು ಮಗಳು ಒಂದರಲ್ಲಿ, ನಾವು ಮೂವರು ಇನ್ನೊಂದರಲ್ಲಿ ಎಂಬ ಏರ್ಪಾಡು ಎಲ್ಲರಿಗೂ ಒಪ್ಪಿಗೆಯಾಗಿದೆ. ತಾಯಿಯವರಿಗೆ ವಾಕರ್ ಬೇಕಾಗುವುದಿಲ್ಲ, ಹಿಡಿದುಕೊಂಡು ನಡೆಯುತ್ತಾರೆ. ಏಜೆಂಟರು ಈಗ ಎರಡು ಹೊಸ ಮಾತು ಹೇಳುತ್ತಿದ್ದಾರೆ. ‘ಗ್ಯಾರಂಟಿ ಬಾಲ್ಕನಿ’ ಎಂದು ತೆಗೆದುಕೊಂಡರೆ ಎರಡು ಕ್ಯಾಬಿನ್‌ಗಳಿಗೂ ದರ ಸಾಕಷ್ಟು ಇಳಿಯುತ್ತದೆಯಂತೆ. ಅದು ಬೇಡವೆಂದರೆ ಮುಂಬೈಯಿಂದ ಹೊರಡುವ ಎಂಪ್ರೆಸ್ ಹಡಗಿನಲ್ಲಿ ಗೋವಾ ಕಡೆ ಹೋಗಿಬನ್ನಿ, ಪಾಸ್‌ಪೋರ್ಟಿನ ಗೊಡವೆಯೂ ಇರುವುದಿಲ್ಲ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಗಿರಿಶ್ರೇಣಿ, ಚಿಕ್ಕಮಗಳೂರು

ಗ್ಯಾರಂಟಿ ಎಂದರೆ ಬಾಲ್ಕನಿ ಸಿಗುವುದಷ್ಟೇ ಖಚಿತ; ಯಾವ ಡೆಕ್, ಯಾವ ಕ್ಯಾಬಿನ್ ಎಂಬುದನ್ನು ಕಂಪನಿಯೇ ಹೊರಡುವ ದಿನ ಹತ್ತಿರವಾದಾಗ ನಿರ್ಧರಿಸುತ್ತದೆ. ಇಬ್ಬರೇ ಹೋಗುವ ದಂಪತಿಗಳಿಗೆ ಅದು ಒಳ್ಳೆಯ ಆಯ್ಕೆ. ಎರಡು ಕ್ಯಾಬಿನ್ ಒಟ್ಟಿಗೆ ಬೇಕಾದವರಿಗೆ ಖಂಡಿತ ಬೇಡ. ಒಂದು ಮೂತಿಯ ಬಳಿ, ಇನ್ನೊಂದು ಮೂರು ಡೆಕ್ ಕೆಳಗೆ ಹಿಂಭಾಗದಲ್ಲಿ ಬಂದರೆ ಯಾರನ್ನೂ ಕೇಳುವ ಹಾಗಿಲ್ಲ, ಉಳಿಸಿದ ಹಣಕ್ಕಾಗಿ ತಾಯಿಯವರು ದಿನವಿಡೀ ನಡೆಯಬೇಕಾಗುತ್ತದೆ.

ಎಂಪ್ರೆಸ್ 1990ರಲ್ಲಿ ಪ್ರಯಾಣ ಆರಂಭಿಸಿದ ಹಡಗು. ಬಾಲ್ಕನಿಗಳು ಈಗಿನಷ್ಟು ಸಾಮಾನ್ಯವಾಗಿರದ ಕಾಲದ್ದಾದ್ದರಿಂದ ಅದರಲ್ಲಿ ಬಹುಪಾಲು ಒಳ ಕ್ಯಾಬಿನ್ ಅಥವಾ ಕಿಟಕಿಯ ಕ್ಯಾಬಿನ್‌ಗಳು, ಬಾಲ್ಕನಿ ಬೇಕೆಂದರೆ ಮೇಲಿನ ದರ್ಜೆಯ ಸೂಟ್‌ಗಳಿಗೇ ಹೋಗಬೇಕು. ದೇಶದೊಳಗಿನ ಪ್ರವಾಸಕ್ಕೆ ಅದು ತಕ್ಕದ್ದೇ. ಆದರೆ ನಿಮ್ಮ ಯೋಚನೆಯೆಲ್ಲ ತಾಯಿಯವರು ಬಾಲ್ಕನಿಯಲ್ಲಿ ಕೂರುವುದರ ಸುತ್ತಲೇ ಇರುವುದರಿಂದ, ಅವರ ಪಾಸ್‌ಪೋರ್ಟ್ ಸಿದ್ಧವಿದ್ದರೆ ನಾನು ಸಿಂಗಪುರವನ್ನೇ ಆರಿಸುತ್ತೇನೆ. ಹಡಗು ಮಲೇಷ್ಯಾ, ಥಾಯ್ಲೆಂಡ್ ಮುಟ್ಟಿ ಮತ್ತೆ ಸಿಂಗಪುರಕ್ಕೆ ಬರುವುದರಿಂದ, ಅಲ್ಲಿಗೆ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಲು ಅನುಮತಿಯಿರುವ ವೀಸಾ ಐವರಿಗೂ ಬೇಕು.

ಏಜೆಂಟರಿಗೆ ಹೀಗೆ ಬರೆದು ಕಳಿಸಿ: ನಡುಭಾಗದ, ಮೇಲೆ ಕೆಳಗೆ ಕ್ಯಾಬಿನ್‌ಗಳೇ ಇರುವ ಡೆಕ್ಕಿನ, ಲಿಫ್ಟಿಗೆ ಸಮೀಪದ ಕನೆಕ್ಟಿಂಗ್ ಜೋಡಿಯ ನಂಬರುಗಳನ್ನು ಮೊದಲು ತಿಳಿಸಬೇಕು, ಅವನ್ನು ನಾವು ಡೆಕ್ ಪ್ಲಾನಿನಲ್ಲಿ ನೋಡಿ ಒಪ್ಪಿದ ಮೇಲೆಯೇ ಮುಂಗಡ. ಪ್ರತಿ ಕ್ಯಾಬಿನ್‌ನಲ್ಲಿಯೂ ಒಬ್ಬ ವಯಸ್ಕರಿರಬೇಕೆಂಬ ನಿಯಮ ನಿಮ್ಮ ಹಂಚಿಕೆಯಲ್ಲಿ ತಾನಾಗಿಯೇ ಪಾಲನೆಯಾಗುತ್ತದೆ. ಎರಡು ಬುಕಿಂಗ್‌ಗಳನ್ನು ಒಂದಕ್ಕೊಂದು ಜೋಡಿಸಿರಬೇಕು, ಆಗ ಊಟದ ಮೇಜೂ ಒಂದೇ ಸಿಗುತ್ತದೆ. ಕೊನೆಯದಾಗಿ, ಎರಡರಲ್ಲಿಯೂ ‘ಅಪ್‌ಗ್ರೇಡ್ ಬೇಡ’ ಎಂದು ದಾಖಲಿಸಲು ಹೇಳಿ. ಹಾಗೆ ಬರೆಸದಿದ್ದರೆ, ಒಂದು ಕ್ಯಾಬಿನ್ ಅನ್ನು ಮಾತ್ರ ಇನ್ನೂ ಒಳ್ಳೆಯ ದರ್ಜೆಗೆ ಉಚಿತವಾಗಿ ಏರಿಸಿದ್ದೇವೆ ಎಂಬ ಸಂದೇಶ ಬಂದು, ನೀವು ಹುಡುಕಿ ಹಿಡಿದ ಜೋಡಿ ಒಡೆದುಹೋಗಬಹುದು.